ನೀಲಿ ಪುಡಿಯ ವಾರದಲ್ಲಿ ಕೆಂಪು

ಬಣ್ಣದ ಕಾರ್ಖಾನೆಯಲ್ಲಿ ದುಡಿಯುವವರ ಮೈಯಿಂದ ಬಣ್ಣ ಹೋಗುವುದೇ ಇಲ್ಲ. ಬೆವರಿದರೆ ಬನಿಯನ್ನಿಗೆ, ಮಲಗಿದರೆ ದಿಂಬಿಗೆ. ನನ್ನ ಅಣ್ಣ ಹನ್ನೊಂದು ವರ್ಷದಿಂದ ಅಲ್ಲಿ ಬರಿಗೈಯಲ್ಲಿ ಪುಡಿ ಕಲಸುತ್ತಾನೆ. ಹಾಗಾಗಿ ಮೂತ್ರ ಕೆಂಪಗೆ ಹೋದಾಗ ಯಾರಿಗೂ ಹೇಳಲಿಲ್ಲ. ಬಚ್ಚಲಿನಲ್ಲಿ ಅದನ್ನು ಕಂಡು ಹೆದರಿದವಳು ಅತ್ತಿಗೆ. ಪಕ್ಕದ ಮನೆಯ ನರ್ಸಕ್ಕನನ್ನು ಕೈಹಿಡಿದು ಕರೆತಂದಳು.

"ನೋವಿದ್ಯೇನೋ?" ನರ್ಸಕ್ಕ ಕೇಳಿದಳು.

"ಒಂಚೂರೂ ಇಲ್ಲ ಅಕ್ಕಾ. ಅದು ಬಣ್ಣ ಅಷ್ಟೆ. ಯಾರಿಗಾದ್ರೂ ಮೊದಲ ಸಲ ಹಂಗೆ ಹೋದ್ರೆ, ಈಗ ನೀನು ಖಾಯಂ ಆದೆ ಅಂತ ನಗ್ತೀವಿ."

"ನಗ್ತೀರಾ? ಎಷ್ಟು ದಿನದಿಂದ?"

"ಹೋದ ತಿಂಗಳು ಎರಡು ದಿನ ಹೋಯ್ತು, ತಾನಾಗೇ ನಿಂತಿತು. ಮೊನ್ನೆಯಿಂದ ಮತ್ತೆ."

"ಈ ವಾರ ಯಾವ ಬಣ್ಣ ಕಲಸ್ತಾ ಇದ್ದೀಯ?"

ಅಣ್ಣ ಕೈ ನೋಡಿಕೊಂಡ. ಉಗುರಿನ ಸಂದೆಲ್ಲ ನೀಲಿ.

"ಬರೀ ನೀಲಿ," ಎಂದ.

"ಹಂಗಾದ್ರೆ ಕೆಂಪು ಎಲ್ಲಿಂದ ಬಂತು?"

ಅತ್ತಿಗೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ರಕ್ತ ಇರಬಹುದು," ಎಂದಳು ನರ್ಸಕ್ಕ. "ಬಣ್ಣ ಮಾಡೋ ಕೆಲವು ರಾಸಾಯನಿಕ ಉಸಿರಿನ ಜೊತೆ, ಚರ್ಮದ ಮೂಲಕ ಒಳಗೆ ಹೋಗ್ತವೆ. ಮೂತ್ರಚೀಲದಲ್ಲಿ ಕ್ಯಾನ್ಸರ್ ಹುಟ್ಟಿಸಬಹುದು. ನೋವೇ ಇರಲ್ಲ, ಅದಕ್ಕೇ ಜನ ಮೋಸ ಹೋಗೋದು. ನಾಳೆ ಆಸ್ಪತ್ರೆಗೆ ನಡಿ."

"ನಾಳೆ ರಜೆ ಅಂದ್ರೆ ಮೇಸ್ತ್ರಿ ಸುಮ್ನಿರಲ್ಲ."

ನನಗೆ ತಡೆಯಲಾಗಲಿಲ್ಲ. "ಮೇಸ್ತ್ರಿಗೇನು, ನಿನ್ನ ಜಾಗಕ್ಕೆ ನಾಳೇನೇ ಇನ್ನೊಬ್ಬನ್ನ ನಿಲ್ಲಿಸ್ತಾನೆ. ಈ ಮನೇಲಿ ನಿನ್ನ ಜಾಗಕ್ಕೆ ಯಾರನ್ನ ನಿಲ್ಲಿಸೋಣ, ನೀನೇ ಹೇಳು."

ಅಣ್ಣ ಬೆಳಗ್ಗೆ ನಮ್ಮ ಜೊತೆ ಹೊರಟ.

ಡಾಕ್ಟರು ಉರಿಮೂತ್ರದ ಮಾತ್ರೆ ಬರೆಯಲು ಶುರುಮಾಡಿದ್ದರು. "ಇವ್ರು ಬಣ್ಣದ ಪುಡಿ ಕಲಸೋರು ಡಾಕ್ಟ್ರೇ, ಹನ್ನೊಂದು ವರ್ಷದಿಂದ," ಎಂದಳು ಅತ್ತಿಗೆ. ಅವರ ಪೆನ್ನು ನಿಂತಿತು. ಸ್ಕ್ಯಾನ್ ಮಾಡಿಸಿದರು. ಮೂತ್ರಚೀಲದಲ್ಲಿ ಕಡಲೆಕಾಳಿನಷ್ಟು ಗಡ್ಡೆ. "ಬೇಗ ಬಂದ್ರಿ, ತೆಗೀಬಹುದು. ಆದ್ರೆ ಆಮೇಲೂ ಆಗಾಗ ಬಂದು ತೋರಿಸ್ತಾ ಇರಬೇಕು," ಎಂದರು.

ಗಡ್ಡೆ ತೆಗೆಸಿಕೊಂಡ ಮೇಲೆ ಅಣ್ಣ ಕಾರ್ಖಾನೆಯ ಗೇಟಿಗೆ ಹೋದ. ಪಾಳಿ ಬಿಟ್ಟು ಬಂದವರನ್ನು ನಿಲ್ಲಿಸಿ, "ಯಾರ್ಯಾರಿಗೆ ಕೆಂಪಗೆ ಹೋಗಿದೆ, ಕೈ ಎತ್ರೋ," ಎಂದ. ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಒಂದು ಕೈ ಎದ್ದಿತು. ನೋಡನೋಡುತ್ತ ಒಂಬತ್ತಾದವು.

ನೀವು ಬಣ್ಣ, ರಬ್ಬರು, ಚರ್ಮ, ಪೇಂಟಿನ ಕೆಲಸದವರೇ? ಮೂತ್ರದಲ್ಲಿ ಒಂದೇ ಸಲ ಕೆಂಪು ಕಂಡರೂ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೆ ನಿಮ್ಮ ಕೆಲಸ ಏನೆಂದು ನೀವೇ ಹೇಳಿ. ಕೈಗವಸು, ಮಾಸ್ಕು ಕೇಳುವುದು ಭಿಕ್ಷೆ ಬೇಡಿದಂತಲ್ಲ. ಒಬ್ಬೊಬ್ಬರೇ ಕೇಳಬೇಡಿ, ಒಟ್ಟಾಗಿ ಹೋಗಿ ಕೇಳಿ.