ತೊಂಬತ್ತೆಂಟರ ಜ್ವರ

ಆ ಮಧ್ಯಾಹ್ನ ಮೋಡಮ್ಮನಿಗೆ ಕೂತರೆ ಕುರ್ಚಿ ಚುಚ್ಚುತ್ತಿತ್ತು, ನಿಂತರೆ ನೆಲ ಸುಡುತ್ತಿತ್ತು. ಯಾವಾಗಲೂ ಮೋಡದಲ್ಲೇ ತೇಲುತ್ತಾಳೆಂದು ಅಮ್ಮ ಇಟ್ಟ ಹೆಸರದು. ಇವತ್ತು ಮಾತ್ರ ಅವಳು ತೇಲುವ ಸ್ಥಿತಿಯಲ್ಲಿರಲಿಲ್ಲ.

ಮೇಜಿನ ಮೇಲೆ ತಮ್ಮನ ಗೇಮಿಂಗ್ ಲ್ಯಾಪ್‌ಟಾಪು ಹೆಡೆಯೆತ್ತಿದ ಹಾವಿನ ಹಾಗೆ ಬುಸುಗುಡುತ್ತಿತ್ತು. ಅದರ ಹೊಟ್ಟೆಯೊಳಗೆ ಅವಳು ರಚಿಸಿದ ಕೊಕ್ಕರೆ ಒಂದೊಂದೇ ಚಿತ್ರವಾಗಿ ರೆಕ್ಕೆ ಬಿಚ್ಚುತ್ತಿತ್ತು. ಹತ್ತು ಸೆಕೆಂಡಿನ ಆ ಹಾರಾಟ ಐದು ಗಂಟೆಯೊಳಗೆ ಆನಿಮೇಷನ್ ಸ್ಟುಡಿಯೋ ತಲುಪಿದರೆ ಕೆಲಸ ಸಿಗುವ ಆಸೆಯುಂಟು. ಆದರೆ ತಮ್ಮ ನಾಳೆ ಇದೇ ಯಂತ್ರದಲ್ಲಿ ಫೈನಲ್ ಪಂದ್ಯ ಆಡಬೇಕು. "ಸುಟ್ಟುಗಿಟ್ಟೀಯ ಅಕ್ಕಾ, ಹುಷಾರು" ಎಂದು ಹೇಳಿಯೇ ಗೆಳೆಯನ ಮನೆಗೆ ಅಭ್ಯಾಸಕ್ಕೆ ಹೋಗಿದ್ದ.

ತಾಪಮಾನ ತೋರಿಸುವ ಪಟ್ಟಿ ತೆರೆದಳು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಚಿಪ್ಪು ಎಪ್ಪತ್ತನಾಲ್ಕು ಡಿಗ್ರಿ. ಎದೆ ಹಗುರಾಯಿತು. ಕೆಳಗಿನ ಸಾಲು ಓದಿದಳು: ಗ್ರಾಫಿಕ್ಸ್ ಮೆಮೊರಿ, ತೊಂಬತ್ತೆಂಟು. ಪರದೆಗೆ ಮೂಗು ತಾಗುವಷ್ಟು ಬಗ್ಗಿ ಮತ್ತೊಮ್ಮೆ ಓದಿದಳು.

ಆಗಷ್ಟೇ ಆಸ್ಪತ್ರೆಯ ಪಾಳಿ ಮುಗಿಸಿ ಬಂದ ನರ್ಸ್ ಅಮ್ಮ ಹೆಗಲ ಮೇಲಿಂದ ಇಣುಕಿದಳು.

"ತೊಂಬತ್ತೆಂಟಾ? ನಾರ್ಮಲ್ ಕಣೇ. ನೂರು ದಾಟಿದ್ರೆ ಹೇಳು."

"ಅಮ್ಮಾ, ಇದು ನಿನ್ನ ಥರ್ಮಾಮೀಟರ್ ಅಲ್ಲ. ನೀರು ನೂರಕ್ಕೆ ಕುದಿಯುತ್ತಲ್ಲ, ಆ ಲೆಕ್ಕ."

ಇಪ್ಪತ್ತೆರಡು ವರ್ಷ ಮಕ್ಕಳ ವಾರ್ಡಿನಲ್ಲಿ ಹಣೆ ಮುಟ್ಟಿಯೇ ಜ್ವರ ಹೇಳಿದ್ದ ಅಮ್ಮ, ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ ತಟ್ಟನೆ ಕೈ ಹಿಂದೆಳೆದಳು. "ಅಯ್ಯೋ ಪಾಪ. ಒದ್ದೆ ಬಟ್ಟೆ ಹಾಕ್ಲಾ?"

"ಹಾಕು. ಅಲ್ಲಿಗೆ ಅದರ ಕಥೇನೂ ಮುಗೀತು, ನಂದೂ ಮುಗೀತು."

ಬೀದಿ ಮೂಲೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಈ ಮನೆಯಲ್ಲಿ ಸ್ಕ್ರೂ ಮಾಮ ಎಂದೇ ಹೆಸರು. ಮೋಡಮ್ಮ ಅವನಿಗೆ ಫೋನು ಹಚ್ಚಿದಳು.

"ಮೆಮೊರಿ ಅಂದ್ರೆ ಬಿಸಿ ತಡ್ಕೊಳ್ಳೋ ಜಾತಿನಮ್ಮ, ತೊಂಬತ್ತೆಂಟಕ್ಕೆಲ್ಲ ಸಾಯಲ್ಲ" ಎಂದ ಅವನು. "ನಿಮ್ಮದರಲ್ಲಿ ನೂರೈದರ ಹತ್ರ ಬಂದ್ರೆ ನಿಲ್ಲಿಸ್ಬಿಡು. ಹಿಂಬದಿಗೆ ಎರಡು ಪುಸ್ತಕ ಕೊಟ್ಟು ಎತ್ತಿಡು, ಗಾಳಿಯಾಡ್ಲಿ. ಅದಿರ್ಲಿ, ಏರ್ತಾ ಇದ್ಯಾ, ನಿಂತಿದ್ಯಾ?"

ಅಷ್ಟು ಹೊತ್ತು ಕಣ್ಣು ಕೀಳದೆ ನೋಡಿದ್ದರೂ, ಐದು ನಿಮಿಷದ ಹಿಂದೆ ಎಷ್ಟಿತ್ತೆಂಬುದು ಅವಳಿಗೆ ನೆನಪಿರಲಿಲ್ಲ.

"ಬರೀ ಹೆದರ್ತಾ ಕೂತಿದ್ದೆ ಅನ್ನು" ಎಂದು ಮಾಮ ನಕ್ಕ. "ಒಂದು ಚಿತ್ರಕ್ಕೆ ಎಷ್ಟು ಹೊತ್ತು ಹಿಡಿಯುತ್ತೆ, ಅದನ್ನೂ ನೋಡ್ಕೋ. ತಾನಾಗೇ ನಿಧಾನ ಆಯ್ತು ಅಂದ್ರೆ, ಅದಕ್ಕೆ ಸಾಕಾಗಿದೆ ಅಂತ ಅರ್ಥ."

ಅಮ್ಮ ಚೀಲದಿಂದ ಜ್ವರದ ಚಾರ್ಟಿನ ಖಾಲಿ ಹಾಳೆ ತೆಗೆದಳು. ರೋಗಿಯ ಹೆಸರಿರಬೇಕಾದಲ್ಲಿ "ಮಗನ ಲ್ಯಾಪ್‌ಟಾಪ್" ಎಂದು ಬರೆದಳು. ಜ್ವರದ ಗೆರೆ ಹಾಗೇ ಉಳಿಯಿತು. ನಾಡಿಯ ಜಾಗಕ್ಕೆ ಚಿತ್ರದ ವೇಗ ಬಂತು. ಐದೈದು ನಿಮಿಷಕ್ಕೊಂದು ಚುಕ್ಕೆ. ಪುಸ್ತಕ ಕೊಟ್ಟಾಗ ಬಿಸಿ ತೊಂಬತ್ತಾರಕ್ಕಿಳಿದು ಆಸೆ ಹುಟ್ಟಿಸಿತು. ಆಮೇಲೆ ಇರುವೆಯಂತೆ ಮತ್ತೆ ಹತ್ತತೊಡಗಿತು. ತೊಂಬತ್ತೊಂಬತ್ತು. ನೂರೊಂದು. ಮೋಡಮ್ಮ ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು.

"ಒಂದ್ಕಡೆ ಕೂತ್ಕೋ, ನನಗೇ ತಲೆ ಸುತ್ತುತ್ತೆ" ಎಂದಳು ಅಮ್ಮ.

ನಾಲ್ಕೂ ಇಪ್ಪತ್ತಕ್ಕೆ ನೂರನಾಲ್ಕು. ಒಂದೂವರೆ ನಿಮಿಷಕ್ಕೆ ಮುಗಿಯುತ್ತಿದ್ದ ಚಿತ್ರ ಎರಡು ನಿಮಿಷ ತಿನ್ನುತ್ತಿತ್ತು. ಉಳಿದದ್ದು ಇಪ್ಪತ್ತಾರು ಚಿತ್ರ. ಇನ್ನೂ ಎಷ್ಟು ಓಡಿಸಿದರೂ ಐದು ಗಂಟೆಗೆ ಮುಗಿಯುವುದಿಲ್ಲ.

"ಏನ್ಮಾಡ್ಲಮ್ಮಾ?"

"ಚಾರ್ಟು ಬರೆಯೋಳು ನಾನು. ಡಾಕ್ಟರು ನೀನು."

ಮೋಡಮ್ಮ ತುಟಿ ಕಚ್ಚಿಕೊಂಡು ನಿಲ್ಲಿಸುವ ಗುಂಡಿ ಒತ್ತಿದಳು. ಫ್ಯಾನಿನ ಬುಸುಗುಟ್ಟುವಿಕೆ ನಿಧಾನಕ್ಕೆ ತಗ್ಗಿತು. ಕೊಕ್ಕರೆ ನೀರಿನ ಮೇಲೆ ಇಳಿಯುವ ಕೊನೆಯ ಸೆಕೆಂಡಿಗೆ ಬಣ್ಣವಿಲ್ಲದ, ಬೆಳಕಿಲ್ಲದ ಬೂದು ಕರಡನ್ನೇ ಜೋಡಿಸಿದಳು. "ಕೊನೆಯ ಇಪ್ಪತ್ತಾರು ಚಿತ್ರ ಕರಡು. ಯಂತ್ರ ಕಾದಿದ್ದರಿಂದ ನಾನೇ ನಿಲ್ಲಿಸಿದೆ" ಎಂದು ಒಂದು ಸಾಲು ಬರೆದು ಐದಕ್ಕೆ ಮೂರು ನಿಮಿಷವಿರುವಾಗ ಕಳಿಸಿದಳು. ಕಳಿಸಿದ ಮೇಲೂ ಮನಸ್ಸು ಒಲೆಯ ಮೇಲಿನ ಹಾಲೇ.

ತಮ್ಮ ಬಂದವನೇ ಚಾರ್ಟು ಎತ್ತಿಕೊಂಡ. "ಇದೇನು, ಯಾರಿಗೆ ಹುಷಾರಿಲ್ಲ?"

"ನಿಂದಕ್ಕೇ. ನೂರನಾಲ್ಕರ ತನಕ ಹೋಗಿತ್ತು ಕಣೋ. ಬೈಯೋದಿದ್ರೆ ಈಗಲೇ ಬೈದು ಮುಗಿಸು."

ಅವನು ಬೈಯಲಿಲ್ಲ. ಕುರ್ಚಿಗೆ ಕುಸಿದು ಆಟ ತೆರೆದ. ಓಡಿತು, ತಡವರಿಸಲಿಲ್ಲ. ಹತ್ತು ನಿಮಿಷ ಆಡಿ ಕತ್ತು ತಿರುಗಿಸಿದ.

"ಅಕ್ಕಾ, ನಾನು ಆಡುವಾಗ ಎಷ್ಟಿರುತ್ತೆ?"

"ನೋಡಿಲ್ವಾ ಯಾವತ್ತೂ?"

"ಎಲ್ಲಿ ನೋಡೋದು ಅಂತಾನೇ ಗೊತ್ತಿಲ್ಲ."

ಮೋಡಮ್ಮ ಅವನ ಕುರ್ಚಿಯ ಅರ್ಧ ಕಿತ್ತುಕೊಂಡು ಕೂತಳು. ತಾಪಮಾನದ ಪಟ್ಟಿ ತೆರೆದು ಎರಡನೆಯ ಸಾಲಿನ ಮೇಲೆ ಬೆರಳಿಟ್ಟಳು. ತೊಂಬತ್ತೇಳು. ಇಬ್ಬರೂ ಅದು ಏರುತ್ತದೋ ನಿಲ್ಲುತ್ತದೋ ಎಂದು ಕಾದರು.