ಮೊದಲ ಆಯ್ಕೆ ವೇದಾವತಿ

ನಮ್ಮಪ್ಪ ಅಶ್ವಥ್ ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುತ್ತಾನೆ. ಮೂವತ್ತು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಅವನು ಎರಡು ವಿದ್ಯೆ ಕಲಿತಿದ್ದಾನೆ. ಒಂದು ನೇಯುವುದು. ಇನ್ನೊಂದು, ತನಗೆ ಬೇಕಾದದ್ದನ್ನು ಯಾವತ್ತೂ ಬಾಯಿ ಬಿಟ್ಟು ಕೇಳದಿರುವುದು. ಸಂತೆಯಲ್ಲಿ ಬದನೆಕಾಯಿ ಬೇಕಿದ್ದರೆ ಮೊದಲು ಹೀರೇಕಾಯಿಯ ಬೆಲೆ ಕೇಳುತ್ತಾನೆ, ಆಮೇಲೆ ಸೋರೆಕಾಯಿಯದು, ಕೊನೆಗೆ ಹೊರಟವನಂತೆ ತಿರುಗಿ, "ಹಂಗೇ ಆ ಬದ್ನೇಕಾಯಿ ಹೆಂಗೆ?" ಅನ್ನುತ್ತಾನೆ. ಬೇಕು ಅಂತ ಗೊತ್ತಾದರೆ ಎದುರಿನವನು ನಮ್ಮನ್ನು ಆಡಿಸುತ್ತಾನೆ ಎಂಬುದು ಅವನ ಸಿದ್ಧಾಂತ. ಅಮ್ಮನನ್ನು ನೋಡಲು ಹೋದಾಗಲೂ ಆ ಮನೆಯ ಎಮ್ಮೆಯನ್ನು ಬಾಯ್ತುಂಬ ಹೊಗಳಿ, ಹುಡುಗಿಯ ಬಗ್ಗೆ "ನೋಡೋಣ" ಎಂದಷ್ಟೇ ಹೇಳಿ ಎದ್ದು ಬಂದಿದ್ದನಂತೆ. ಮದುವೆ ಎಂಟು ತಿಂಗಳು ತಡವಾಯಿತು. ಎಮ್ಮೆಯ ವಿಷಯ ಬಂದಾಗಲೆಲ್ಲ ಅಮ್ಮ ಈಗಲೂ ಪಾತ್ರೆಗಳನ್ನು ಸದ್ದು ಮಾಡಿ ಇಡುತ್ತಾಳೆ.

ಇಂಥವನ ಕೈಗೆ ನನ್ನ ಹಾಸ್ಟೆಲ್ ಅರ್ಜಿ ಸಿಕ್ಕಿತು.

ನಾನು ಮೇಘಾ. ಪಿಯುಸಿ ಮುಗಿಸಿ ದೂರದ ಒಂದು ದೊಡ್ಡ ವಿಶ್ವವಿದ್ಯಾಲಯದಲ್ಲಿ ಐದು ವರ್ಷದ ಕೋರ್ಸಿಗೆ ಸೀಟು ಪಡೆದಿದ್ದೆ. ಅದರ ಹೆಸರು ಹೇಳುವುದಿಲ್ಲ, ಐದು ವರ್ಷ ಅಲ್ಲೇ ಊಟ ಮಾಡಬೇಕು. ನನ್ನ ಜೊತೆ ತೇಜಶ್ರೀಗೂ ಸೀಟು ಸಿಕ್ಕಿತ್ತು. ತೇಜಶ್ರೀಯ ಊರು ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ. ಆದರೆ ನಮ್ಮ ಬೀದಿಯಲ್ಲಿದ್ದ ಅಜ್ಜಿಯ ಮನೆಯಲ್ಲಿ ಉಳಿದುಕೊಂಡು ಐದು ವರ್ಷ ನನ್ನ ಬೆಂಚಿನಲ್ಲೇ ಓದಿದವಳು. ಅಜ್ಜಿಯ ಅಡುಗೆಗೆ ಉಪ್ಪು ಹೆಚ್ಚೆಂದು ವಾರಕ್ಕೆ ನಾಲ್ಕು ದಿನ ನಮ್ಮ ಮನೆಯಲ್ಲೇ ಉಣ್ಣುತ್ತಿದ್ದಳು.

ಮೊದಲ ವರ್ಷದ ಹುಡುಗಿಯರಿಗೆ ಅಲ್ಲಿ ಮೂರು ಹಾಸ್ಟೆಲ್. ಮೂರನ್ನೂ ನಮಗೆ ಬೇಕಾದ ಕ್ರಮದಲ್ಲಿ ತುಂಬಿ ಆನ್‌ಲೈನಿನಲ್ಲಿ ಕಳಿಸಬೇಕು. ಕಾವೇರಿ ಹೊಸದು, ಕೋಣೆಗೆ ಇಬ್ಬರು, ಬಿಸಿನೀರು. ತುಂಗಾ ಅಷ್ಟಕ್ಕಷ್ಟೆ. ವೇದಾವತಿ ಹಳೆಯದು, ಕ್ಯಾಂಪಸ್ಸಿನ ಕೊನೆಯ ಬೇಲಿಗೆ ಅಂಟಿಕೊಂಡದ್ದು, ಕೋಣೆಗೆ ನಾಲ್ವರು, ಮಂಚ ಬಿಟ್ಟರೆ ಬೇರೇನೂ ಇಲ್ಲ. ನಮ್ಮ ಕಡೆಯ ಬತ್ತಿದ ನದಿಯ ಹೆಸರಿಟ್ಟ ತಪ್ಪಿಗೋ ಏನೋ, ಅಲ್ಲಿ ನೀರು ವಾರಕ್ಕೆ ಮೂರೇ ದಿನ ಎಂದು ಸೀನಿಯರ್‌ಗಳು ವಾಟ್ಸಾಪಿನಲ್ಲಿ ಬರೆದಿದ್ದರು.

ನನಗೆ ಕಾವೇರಿ ಬೇಕಿತ್ತು. ಬಿಸಿನೀರಿಗಲ್ಲ. ಫೋಟೋದಲ್ಲಿ ಅಲ್ಲಿ ಪ್ರತಿ ಹುಡುಗಿಗೂ ಒಂದೊಂದು ಮೇಜು ಇತ್ತು. ನಮ್ಮ ಮನೆಯ ಮುಂದಿನ ಕೋಣೆ ಪೂರ್ತಿ ಮಗ್ಗದ್ದು. ಸಂಜೆ ಅಪ್ಪ ಎದ್ದ ಮೇಲೆ ಅವನ ಜಾಗದಲ್ಲಿ ನಾನು ಕುಣಿಗೆ ಕಾಲು ಬಿಟ್ಟು ಕೂತು, ಮಗ್ಗದ ಮೇಲಿನ ಸೀರೆಗೆ ಹಳೇ ಪಂಚೆ ಹೊದಿಸಿ, ಅದರ ಮೇಲೆ ಪುಸ್ತಕ ಇಟ್ಟು ಓದಬೇಕು. ಪೆನ್ನು ತರುವಂತಿಲ್ಲ. ಒಂದು ಹನಿ ಇಂಕು ಬಿದ್ದರೆ ಹದಿನೈದು ದಿನದ ದುಡಿಮೆ ಹಾಳು. ಹೀಗಾಗಿ ಮನೆಯಲ್ಲಿ ನಾನು ಇದುವರೆಗೆ ಬರೆದದ್ದೆಲ್ಲ ಪೆನ್ಸಿಲಿನಲ್ಲಿ. ಒಂದು ಮೇಜು, ಅದರ ಮೇಲೆ ಕ್ಯಾಪ್ ತೆಗೆದಿಟ್ಟ ಪೆನ್ನು, ಪಕ್ಕದ ಮೇಜಿನಲ್ಲಿ ತೇಜಶ್ರೀ. ನನ್ನ ಆಸೆ ಇಷ್ಟೇ ಇತ್ತು, ಮತ್ತು ಅದನ್ನು ಅಪ್ಪನಿಗೆ ಬಿಡಿಸಿ ಬಿಡಿಸಿ ಹೇಳಿದ್ದೆ.

ಅರ್ಜಿ ತುಂಬಲು ಅಪ್ಪ ನನ್ನನ್ನು ಚಳ್ಳಕೆರೆಗೆ ಕರೆದುಕೊಂಡು ಹೊರಟ. ಮೊಳಕಾಲ್ಮುರಿನಲ್ಲಿ ಆನ್‌ಲೈನ್ ಅಂಗಡಿ ಇಲ್ಲವೆಂದಲ್ಲ. ನಮಗೆ ಕಾವೇರಿ ಬೇಕೆಂದು ಊರಿಗೆ ಗೊತ್ತಾದರೆ ಊರಿಗೆಲ್ಲ ಕಾವೇರಿಯೇ ಬೇಕಾಗುತ್ತದೆ ಎಂದು ಅವನ ಹೆದರಿಕೆ. ಬಸ್ಸಿನಲ್ಲಿ ನಾನು "ಕಾವೇರಿ" ಅಂದ ಕೂಡಲೇ "ಊರ್ಕೆ ಉಂಡು" ಎಂದು ಸುಮ್ಮನಿರಿಸಿ, ಯಾರಿಗೂ ತಿಳಿಯದಿರಲೆಂದು ಮಿಕ್ಕ ಮಾತನ್ನೆಲ್ಲ ತೆಲುಗಿನಲ್ಲೇ ಆಡಿದ. ನಮ್ಮ ಕಡೆಯ ಬಸ್ಸಿನಲ್ಲಿ ತೆಲುಗು ತಿಳಿಯದವರು ಯಾರಿದ್ದಾರೆ? ಹಿಂದಿನ ಸೀಟಿನಲ್ಲಿದ್ದ ಮುದುಕ ಇಳಿಯುವಾಗ ನನ್ನ ತಲೆ ಮುಟ್ಟಿ, "ಕಾವೇರಿನೇ ಸಿಗ್ಲಿ ಕಣಮ್ಮ" ಎಂದು ಹರಸಿ ಹೋದ.

ಶಶಿಕಾಂತನ ಅಂಗಡಿ ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಹತ್ತಿರ. ಝೆರಾಕ್ಸು, ಪಹಣಿ, ಆಧಾರ್ ತಿದ್ದುಪಡಿ ಎಲ್ಲವೂ ಅಲ್ಲೇ. ಅವನು ನನ್ನ ವಿವರವನ್ನೆಲ್ಲ ತುಂಬಿ, "ಮೊದಲ್ನೇ ಆಯ್ಕೆ ಯಾವುದಣ್ಣ?" ಅಂದ.

ಅಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ, "ವೇದಾವತಿ" ಅಂದ.

"ನಾಯ್ನಾ!" ಅಂದೆ. ಅಪ್ಪ ಮೇಜಿನ ಕೆಳಗೆ ನನ್ನ ಕಾಲು ತುಳಿದ.

"ಎರಡ್ನೇದು?"

"ತುಂಗಾ. ಕೊನೇಗೆ ಇನ್ನೊಂದು ಯಾವುದೋ ಐತಲ್ಲ, ಅದನ್ನೂ ಹಾಕ್ಬಿಡು ಅತ್ಲಾಗೆ."

"ಕಾವೇರಿನಾ?"

"ಅದೇ ಇರ್ಬೇಕು. ಹೆಸ್ರು ಯಾರಿಗೆ ನೆನಪೈತೆ."

ಶಶಿಕಾಂತ ಕೀಬೋರ್ಡಿನಿಂದ ಕೈ ತೆಗೆದ. "ಅಣ್ಣ, ಇದು ಕಂಪ್ಯೂಟ್ರು. ಮೊದ್ಲು ಕೇಳಿದ್ದನ್ನೇ ಮೊದ್ಲು ಕೊಡ್ತೈತೆ. ವೇದಾವತಿನ ಯಾರೂ ಕೇಳಲ್ಲ."

"ಅಂಗಡಿಯವ್ರೆಲ್ಲ ಹಂಗೇ ಹೇಳೋದು," ಎಂದು ಅಪ್ಪ ನಕ್ಕ. "ನಾವು ಕಾವೇರಿ ಕಾವೇರಿ ಅಂತ ಬಾಯಿ ಬಡ್ಕೊಂಡ್ರೆ ಕೊಡ್ತಾರಾ? ಬ್ಯಾಡ ಅಂತ ಕೂತ್ರೆ ಅವ್ರೇ ಕರ್ದು ಕೊಡ್ತಾರೆ."

ನಾನು ಬೇಡಿಕೊಂಡೆ, ಗದರಿದೆ, ಶಶಿಕಾಂತನ ಮುಂದೆಯೇ ಕಣ್ಣೀರು ಹಾಕಿದೆ. ಅಪ್ಪನಿಗೆ ನನ್ನ ಕಣ್ಣೀರು ಕೂಡ ಚೆನ್ನಾಗಿ ಆಡಿದ ನಾಟಕದಂತೆ ಕಂಡು ಖುಷಿಯೇ ಆಯಿತು. ಓಟಿಪಿ ಬಂದದ್ದು ಅವನ ಮೊಬೈಲಿಗೆ. ಒಂದೊಂದೇ ಅಂಕಿಯನ್ನು ಠೀವಿಯಿಂದ ಓದಿ ಹೇಳಿದ. ಅರ್ಜಿ ಹೋಯಿತು. ಇನ್ನು ಬದಲಾಯಿಸಲು ಬರುವುದಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂತು.

ಒಂಬತ್ತು ದಿನ ನಾನು ಅವನ ಹತ್ತಿರ ಮಾತಾಡಲಿಲ್ಲ. ಆದರೆ ಮಗ್ಗದಲ್ಲಿ ಅವನ ಪಕ್ಕ ಕೂತು ಅಂಚಿನ ಲಾಳಿ ಎಸೆಯುವವಳು ನಾನೇ, ಅದನ್ನು ಬಿಡುವಂತಿರಲಿಲ್ಲ. ಸಿಟ್ಟಿನಲ್ಲಿ ನೂಲನ್ನು ಎಳೆದೆಳೆದು ಅಂಚು ಮುದುಡಿತು. "ಕೋಪ ಇದ್ರೆ ಬಾಯಲ್ಲಿ ತೋರ್ಸು, ಸೀರೇಲಿ ಬ್ಯಾಡ," ಅಂದ ಅಪ್ಪ. ಮನೆಗೆ ಬಂದವರಿಗೆಲ್ಲ, "ಇವಳು ಯಾವಾಗ ಹೋಗ್ತಾಳೋ ಅಂತ ಕಾಯ್ತಿದೀನಿ. ಮನೆ ಒಂದಿಷ್ಟು ಅಗಲ ಆಗ್ತೈತೆ," ಎಂದು ಬೇರೆ ಹೇಳುತ್ತಿದ್ದ.

ಹತ್ತನೇ ದಿನ ಮೆಸೇಜು ಬಂತು. ಅಭಿನಂದನೆಗಳು, ನಿಮ್ಮ ಮೊದಲ ಆಯ್ಕೆಯೇ ನಿಮಗೆ ದೊರೆತಿದೆ, ವೇದಾವತಿ.

ಅಪ್ಪ ಅದನ್ನು ಮೂರು ಸಲ ಓದಿದ. "ಕೇಳಿದ್ದನ್ನೇ ಕೊಟ್ಬಿಟ್ರಾ?" ಅಂದ. ಅವನ ಮೂವತ್ತು ವರ್ಷದ ವ್ಯವಹಾರದಲ್ಲಿ ಯಾರೂ ಅವನಿಗೆ ಇಂಥ ಮೋಸ ಮಾಡಿರಲಿಲ್ಲ. ಅವತ್ತು ಅವನು ಸರಿಯಾಗಿ ಊಟ ಮಾಡಲಿಲ್ಲ. ನೇರವಾಗಿ ಕಾವೇರಿ ಕೇಳಿದ್ದ ತೇಜಶ್ರೀಗೆ ಕಾವೇರಿಯೇ ಸಿಕ್ಕಿತ್ತು. ನಾನು ಹಿತ್ತಲಿಗೆ ಹೋಗಿ ಮನಸಾರೆ ಅತ್ತೆ.

ಎರಡು ದಿನ ಬಿಟ್ಟು ತೇಜಶ್ರೀಯ ತಾಯಿ ಯರ್ರಮ್ಮ ಫೋನ್ ಮಾಡಿದಳು. ಇಬ್ಬರೂ ಒಪ್ಪಿದರೆ ಹಾಸ್ಟೆಲ್ ಅದಲುಬದಲು ಮಾಡಿಕೊಳ್ಳಲು ವಿಶ್ವವಿದ್ಯಾಲಯದವರು ಒಂದು ವಾರ ಅವಕಾಶ ಕೊಟ್ಟಿದ್ದರು.

"ಅಣ್ಣಾ, ನಿಮ್ಮ ವೇದಾವತಿ ನಮ್ಗೆ ಬಿಟ್ಕೊಡ್ರಿ. ನಮ್ಮ ಕಾವೇರಿ ನೀವೇ ಇಟ್ಕಳ್ರಿ."

ಅಪ್ಪ ಎಂದಿನಂತೆ "ನೋಡೋಣ" ಅಂದ. ನಾನು ಪಕ್ಕದಲ್ಲೇ ಕಿವಿಕೊಟ್ಟು ನಿಂತಿದ್ದೆ.

ಇದರ ಹಿಂದೆ ಒಂದು ಕುರಿಯ ಕಥೆ ಇದೆ. ನಮ್ಮ ಮನೆದೇವರ ಪೂಜೆಗೆಂದು ಅಪ್ಪ ಒಮ್ಮೆ ನನ್ನಿವಾಳಕ್ಕೆ ಹೋಗಿ ಯರ್ರಮ್ಮನ ಹಟ್ಟಿಯ ಕುರಿಗಳನ್ನೆಲ್ಲ ನೋಡಿ, ಒಂದೊಂದಕ್ಕೂ ಒಂದೊಂದು ಕುಂದು ಹೇಳಿ, ಕೊನೆಗೆ ಮೂಲೆಯಲ್ಲಿದ್ದ ಒಂದನ್ನು "ಹೋಗ್ಲಿ, ಇದನ್ನಾದ್ರೂ ಕೊಡು" ಎಂದು ಉಪಕಾರ ಮಾಡುವವನಂತೆ ಹಿಡಿದು ತಂದಿದ್ದ. ಹಟ್ಟಿಯಲ್ಲಿದ್ದ ಅತ್ಯುತ್ತಮ ಟಗರು ಅದು ಎಂದು ಯರ್ರಮ್ಮನಿಗೆ ಹೊಳೆದದ್ದು ಸಂಜೆಗೆ. ಅವತ್ತಿನಿಂದ ಅಪ್ಪನ ಬುದ್ಧಿಯ ಮೇಲೆ ಆಕೆಗೆ ಅಪಾರ ಗೌರವ. ಅಂಥ ಅಶ್ವಥಣ್ಣ ಮಗಳಿಗೆ ವೇದಾವತಿಯನ್ನೇ ಮೊದಲು ಕೇಳಿದ್ದಾನೆ ಎಂದರೆ ಅಲ್ಲಿ ಏನೋ ಇದೆ ಎಂಬುದು ಆಕೆಯ ಲೆಕ್ಕ.

ತೇಜಶ್ರೀ ನನಗೆ ಪ್ರತ್ಯೇಕವಾಗಿ ಫೋನ್ ಮಾಡಿದಳು. "ನಮ್ಮವ್ವ ನನ್ನ ಮಾತು ಕೇಳ್ತಿಲ್ಲ ಕಣೇ. ಅಲ್ಲಿ ನೀರಿಲ್ಲ ಅಂತ ನೀನಾದ್ರೂ ಹೇಳು." ನಾನು ಹ್ಞೂಂ ಅಂದೆ, ಹೇಳಲಿಲ್ಲ. ಮೇಜು ಕಣ್ಣ ಮುಂದೆ ಬರುತ್ತಿತ್ತು. ಅಪ್ಪನ ಮಗಳೇ ತಾನೆ ನಾನು? ಸುಮ್ಮನಿದ್ದರೆ ಸಿಗುವುದನ್ನು ಮಾತಾಡಿ ಕಳೆದುಕೊಳ್ಳುವುದು ನನಗೂ ಬೇಡವಾಗಿತ್ತು. ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಶನಿವಾರ ನಾಲ್ವರೂ ಶಶಿಕಾಂತನ ಅಂಗಡಿಯಲ್ಲಿ ಸೇರಿದೆವು. ಯರ್ರಮ್ಮ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ತೇಜಶ್ರೀ ಮೂಲೆಯ ಸ್ಟೂಲಿನಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

"ಓಟಿಪಿ ಬಂತು, ಹೇಳ್ರಣ್ಣ," ಅಂದ ಶಶಿಕಾಂತ.

ಅಪ್ಪ ಮೊಬೈಲ್ ನೋಡಿದ. ಆಮೇಲೆ ತೇಜಶ್ರೀಯನ್ನು ನೋಡಿದ. ಬೆವರು ಒರೆಸಿಕೊಂಡು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

"ಯರ್ರಮ್ಮಕ್ಕ, ಈ ವ್ಯಾಪಾರ ಬ್ಯಾಡ. ವೇದಾವತಿ ಚೆನ್ನಾಗಿಲ್ಲ. ನೀರು ಬರಲ್ಲ. ಒಂದು ಕೋಣೇಲಿ ನಾಕು ಜನ."

ಯರ್ರಮ್ಮ ಜೋರಾಗಿ ನಕ್ಕಳು. "ಟಗರಿಗೂ ಹಂಗೇ ಅಂದಿದ್ರಿ. ಕಾಲು ಸೊಟ್ಟ, ಕಣ್ಣು ಮೆಳ್ಳೆ ಅಂತ."

"ದೇವ್ರಾಣೆ ಅಕ್ಕ, ಕೋತಿ ಕಾಟ ಬೇರೆ ಐತಂತೆ."

"ಹೇಳ್ರಿ ಹೇಳ್ರಿ, ಇನ್ನೂ ಏನೇನೈತೆ ಹೇಳ್ರಿ."

ಅಪ್ಪ ಒಂದೊಂದು ಕುಂದು ಹೇಳಿದಾಗಲೂ ಯರ್ರಮ್ಮನಿಗೆ ವೇದಾವತಿಯ ಮೇಲೆ ಆಸೆ ಹೆಚ್ಚಾಯಿತು. ಪಹಣಿಗೆ ಕಾಯುತ್ತಿದ್ದ ಒಬ್ಬ ಹತ್ತಿರ ಸರಿದು, "ಅದೆಲ್ಲೈತ್ರಿ ಹಾಸ್ಟೆಲ್ಲು? ನಮ್ಮ ಹುಡುಗೀಗೂ ಬೇಕಿತ್ತು," ಅಂದ. ಜೀವನದಲ್ಲಿ ಮೊದಲ ಸಲ ನಿಜ ಹೇಳಲು ಹೊರಟ ಅಪ್ಪನನ್ನು ನಂಬುವವರು ಆ ಅಂಗಡಿಯಲ್ಲಿ ಒಬ್ಬರೂ ಇರಲಿಲ್ಲ.

ಕೊನೆಗೆ ಯರ್ರಮ್ಮ ನಗು ನಿಲ್ಲಿಸಿ ಕೇಳಿದಳು. "ಅಷ್ಟು ಕೆಟ್ಟದ್ದಾಗಿದ್ರೆ ಮಗಳಿಗೆ ಅದನ್ನೇ ಯಾಕೆ ಮೊದ್ಲು ಹಾಕ್ಸಿದ್ರಿ? ಯಾವ ಅಪ್ಪ ಹಂಗೆ ಮಾಡ್ತಾನೆ?"

ಅಪ್ಪ ನೆಲ ನೋಡುತ್ತ ಅಂದ, "ನನಗೆ ಕೇಳೋಕೇ ಬರಲ್ಲಕ್ಕ. ಬೇಕು ಅಂದ್ರೆ ಕೈ ತಪ್ಪಿ ಹೋಗ್ತೈತೆ ಅಂತ ಭಯ. ಅಷ್ಟಕ್ಕೂ ನನಗೆ ಬೇಕಿದ್ದು ಕಾವೇರಿನೂ ಅಲ್ಲ, ವೇದಾವತಿನೂ ಅಲ್ಲ. ಇವಳು ಮನೇಲೇ ಇರ್ಬೇಕು ಅಂತಿತ್ತು. ಆ ಫಾರಮ್ಮಲ್ಲಿ ಅದಕ್ಕೆ ಜಾಗಾನೇ ಇರ್ಲಿಲ್ಲ."

ಮನೆ ಅಗಲ ಆಗುತ್ತದೆ ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದುದು ನನಗೆ ಆಗ ನೆನಪಾಯಿತು. ಹದಿನೆಂಟು ವರ್ಷ ಅವನ ಜೊತೆ ಸಂತೆಗೆ ಹೋಗಿದ್ದೇನೆ. ಬದನೆಕಾಯಿಯ ವಿಷಯದಲ್ಲಿ ಅರ್ಥವಾದದ್ದು ನನ್ನ ವಿಷಯದಲ್ಲಿ ಅರ್ಥವಾಗಿರಲಿಲ್ಲ.

ಯರ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾದ್ರೆ ನಿಜವಾಗ್ಲೂ ನೀರಿಲ್ವಾ?" ಎಂದು ಕೇಳಿದಳು.

"ಇಲ್ಲ ಅತ್ತೆ," ಅಂದೆ ನಾನು. "ನಾನೇ ಹೇಳ್ಬೇಕಿತ್ತು. ನನಗೆ ಕಾವೇರಿ ಬೇಕಿತ್ತು, ಅದಕ್ಕೆ ಸುಮ್ನಿದ್ದೆ. ತಪ್ಪಾಯ್ತು."

ತೇಜಶ್ರೀ ಸ್ಟೂಲಿನಿಂದ ಎದ್ದಳು. "ಶಶಿಯಣ್ಣ, ಕಾವೇರಿ ಬಿಟ್ಟು ವೇದಾವತಿಗೆ ಹೋಗೋಕೆ ಯಾರ ಒಪ್ಪಿಗೆ ಬೇಕು?"

"ಯಾರದ್ದೂ ಬ್ಯಾಡಮ್ಮ. ಅದು ಖಾಲಿ ಹೊಡೀತೈತೆ."

"ಹಾಕ್ರಿ ಹಂಗಾದ್ರೆ. ಇವಳ ಕೋಣೇನೇ ಹಾಕ್ರಿ." ಆಮೇಲೆ ನನ್ನ ಕಡೆ ತಿರುಗಿ, "ಕೊಡ ಹೊತ್ತು ನೀರು ತರೋದು ನನಗೇನು ಹೊಸದಾ? ಅರ್ಧ ನೀನು ಹೊರ್ಬೇಕು ಅಷ್ಟೇ. ಸುಮ್ನಿದ್ದಿದ್ದಕ್ಕೆ ಮುಕ್ಕಾಲು," ಅಂದಳು.

ಯರ್ರಮ್ಮ ತನ್ನ ಮೊಬೈಲಿಗೆ ಬಂದ ಓಟಿಪಿಯನ್ನು ತಾನೇ ಓದಿ ಹೇಳಿದಳು. ಹೊರಗೆ ಬರುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಇರ್ಲಿ, ಒಟ್ನಲ್ಲಿ ವೇದಾವತಿನೇ ಸಿಕ್ತಲ್ಲ," ಎಂದು ಪಿಸುಗುಟ್ಟಿದಳು. ಆಕೆಯ ಅನುಮಾನ ಪೂರ್ತಿ ಹೋಗಿರಲಿಲ್ಲ.

ಹೊರಡುವ ದಿನ ಅಪ್ಪ ಚಳ್ಳಕೆರೆಯವರೆಗೂ ಬಂದ. ತೋಳಿನಲ್ಲಿ ಗೋಣಿ ಸುತ್ತಿದ ಏನನ್ನೋ ಹಿಡಿದಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಬಿಚ್ಚಿದ. ನೆಲದ ಮೇಲೆ ಕೂತು ಬರೆಯುವ ಗಿಡ್ಡ ಮೇಜು. ಅಟ್ಟದ ಮೇಲಿದ್ದ ತಾತನ ಹಳೇ ಮಗ್ಗದ ಹಲಗೆಯಿಂದ ಅವನೇ ಮಾಡಿದ್ದು. ಇಬ್ಬರು ಎದುರುಬದುರು ಕೂರುವಷ್ಟು ಅಗಲವಿತ್ತು. ಒಂದು ಬದಿಯಲ್ಲಿ ಪೆನ್ನು ಇಡಲು ಗುಳಿ ಕೊರೆದಿದ್ದ.

"ಮನೇಲಿ ಸುಮ್ನೆ ಜಾಗ ತಿಂತಿತ್ತು. ತಗಂಡೋಗು," ಅಂದ. ನಾನು ಗುಳಿಯನ್ನು ಬೆರಳಿನಿಂದ ಮುಟ್ಟಿ ನೋಡಿದೆ.

ಕಂಡಕ್ಟರ್ ಮೇಜಿಗೂ ಲಗೇಜ್ ಟಿಕೆಟ್ ಎಂದ. ಅಪ್ಪ ಜಗಳಕ್ಕೆ ನಿಂತು, ಸೋತು, ಕೊಟ್ಟು, ಕಿಟಕಿಯ ಹತ್ತಿರ ಬಂದ.

"ಹಬ್ಬದ ತನ್ಕ ಬರಬ್ಯಾಡ. ಓದು ಕೆಡ್ತೈತೆ. ನಮ್ಗೂ ಇಲ್ಲಿ ಬೇಕಾದಷ್ಟು ಕೆಲ್ಸ ಐತೆ."

"ನಾನ್ಯಾಕೆ ಬರ್ಲಿ ನಾಯ್ನಾ? ಸದ್ಯ ತಪ್ಪಿಸ್ಕೊಂಡೆ ಅಂತ ಹೋಗ್ತಿದೀನಿ," ಅಂದೆ.

ಅಪ್ಪನ ಮುಖ ಅರಳಿತು. ತೇಜಶ್ರೀ ನಮ್ಮಿಬ್ಬರನ್ನೂ ನೋಡಿ ತಲೆ ಚಚ್ಚಿಕೊಂಡಳು.

ಬಸ್ಸು ಹೊರಟಾಗ ಅಪ್ಪ ಬಾಗಿಲಿನ ಕಡೆ ಓಡಿ ಬಂದ. ಕಂಡಕ್ಟರನ ಹತ್ತಿರ ಅವನು ಸೋಮವಾರದ ಬಸ್ಸನ್ನು ಕೇಳಲಿಲ್ಲ, ಬುಧವಾರದ್ದನ್ನೂ ಕೇಳಲಿಲ್ಲ. ತನಗೆ ಬೇಕಾದದ್ದನ್ನೇ ನೇರವಾಗಿ, ಕನ್ನಡದಲ್ಲೇ, ಒಂದೇ ಉಸಿರಿಗೆ ಕೇಳಿದ.

"ಶನಿವಾರ ಅಲ್ಲಿಂದ ಬರೋ ಬಸ್ಸು ಇಲ್ಲಿಗೆ ಎಷ್ಟೊತ್ತಿಗೆ ಬರ್ತೈತ್ರಿ?"