ಹುಬ್ಬಿನ ಹೌದು

ಇಸಿದ್ರೊ ಸ್ವಲ್ಪ ಬಾಯಿಬಡುಕನಾಗಿದ್ದರೆ ನನಗೆ ಆ ದಿನ ಎದೆ ಅಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಮನಿಟೋಬ ಪ್ರಾಂತ್ಯದ ನಮ್ಮ ಊರಿನ ಹಂದಿಮಾಂಸದ ಕಾರ್ಖಾನೆಯಲ್ಲಿ ಅವನ ಹಾಗೆ ಕತ್ತಿ ಆಡಿಸುವವರಿಲ್ಲ. ಮಾತು ಮಾತ್ರ ವಾರಕ್ಕೊಂದು. ಹೆಂಡತಿ ನೆನಿತಾ, ಮಗಳು ತಾಲಾ ಫಿಲಿಪೀನ್ಸ್‌ನಲ್ಲೇ ಇದ್ದರು. ‘ಈ ಕೆಲಸಗಾರ ನಮಗೆ ಬೇಕು’ ಎಂದು ಪ್ರಾಂತ್ಯದ ಸರ್ಕಾರ ಶಿಫಾರಸು ಮಾಡಿದರೆ ಅವರೂ ಬರಬಹುದು. ಇಲ್ಲದಿದ್ದರೆ ಕೆಲಸದ ಪರ್ಮಿಟ್ ಮುಗಿದ ಕೂಡಲೇ ಇವನೇ ಗಂಟುಮೂಟೆ ಕಟ್ಟಬೇಕು.

ಆ ಶಿಫಾರಸಿನ ಸಂದರ್ಶನಕ್ಕೆ ದುಭಾಷಿಯಾಗಿ, ಅವನ ದೇಶದವಳೇ ಆದ ನಾನು ಹೊರಟೆ.

“ಮಿಲಾ ಅಕ್ಕಾ, ಏನ್ ಕೇಳ್ತಾರೆ?” ಅಂದ ಇಸಿದ್ರೊ, ಕಾರಿನಲ್ಲಿ.

“ಇಲ್ಲೇ ಇರ್ತೀಯಾ ಅಂತ ಕೇಳ್ತಾರೆ ಕಣೋ. ಹೋದ ವರ್ಷ ನಮ್ಮ ಕಾರ್ಖಾನೆಯ ಕೆಲವು ಮಹಾನುಭಾವರು ಶಿಫಾರಸು ಸಿಕ್ಕಿದ್ದೇ ತಡ, ಈ ಪ್ರಾಂತ್ಯಾನೇ ಬಿಟ್ಟು ಟೊರಾಂಟೊಗೆ ಪರಾರಿ! ಅವರ ಪಾಪ ಈಗ ನಿನ್ನ ತಲೇಗೆ.”

“ನಾನೆಲ್ಲಿಗ್ ಹೋಗ್ಲಿ?”

“ಅದನ್ನ ಅಲ್ಲಿ ಹೇಳು ಮಾರಾಯ, ನನ್ ಹತ್ರ ಅಲ್ಲ!”

ಅಧಿಕಾರಿ ಫ್ರೀಸೆನ್ ಮೇಡಂ ಮೊದಲೇ ನನಗೆ ಕಡ್ಡಿ ಮುರಿದಂತೆ ಹೇಳಿದರು: “ಅವರ ಬಾಯಿಂದ ಬಂದಿದ್ದನ್ನ ಮಾತ್ರ ಹೇಳಿ. ನಿಮ್ಮದು ಒಂದಕ್ಷರಾನೂ ಸೇರಿಸ್ಬೇಡಿ.”

ಕೆಲಸದ ಪ್ರಶ್ನೆಗಳು ಸಲೀಸಾಗಿ ಮುಗಿದವು. ಆಮೇಲೆ ಬಂತು: “ನಿಮ್ಮ ತಮ್ಮ ವ್ಯಾಂಕೂವರ್‌ನಲ್ಲಿದ್ದಾರೆ. ಅಲ್ಲಿ ಇಷ್ಟು ಚಳೀನೂ ಇಲ್ಲ. ಆದ್ರೂ ಇಲ್ಲೇ ಉಳೀತೀರಾ?”

ನಾನು ನಮ್ಮ ಭಾಷೆಯಲ್ಲಿ ಕೇಳಿದೆ. ಇಸಿದ್ರೊ ಎರಡೂ ಹುಬ್ಬು ಮೇಲೆತ್ತಿ ಇಳಿಸಿದ. ನಮ್ಮ ಜನಕ್ಕೆ ಅದು ಹೌದು. ಬರೀ ಹೌದಲ್ಲ, ‘ಇದನ್ನೂ ಕೇಳ್ಬೇಕಾ’ ಅನ್ನುವ ಹೌದು. ಮೇಡಂಗೆ ಮಾತ್ರ ಅವನು ಪ್ರಶ್ನೆ ಕೇಳಿ ಗಾಬರಿಯಾದಂತೆ ಕಂಡಿತು. ಮತ್ತೆ ಕೇಳಿದರು. ಮತ್ತೆ ಹುಬ್ಬು.

“ಉತ್ತರ ಇಲ್ಲ ಅಂತ ಬರ್ಕೊಳ್ಲಾ?” ಎಂದರು.

ಅಯ್ಯೋ ದೇವರೇ! ಬಾಯಿಂದ ಬಂದದ್ದು ಮಾತ್ರ ಎಂದಿದ್ದಾರೆ, ಹುಬ್ಬಿಗೆ ಬಾಯೆಲ್ಲಿಂದ ತರಲಿ? ನಿಯಮ ಹಾಳಾಗಿ ಹೋಗಲಿ ಎಂದುಕೊಂಡೆ.

“ಮೇಡಂ, ಅವ್ನು ಹೌದು ಅಂತಿದ್ದಾನೆ! ನಾವು ಹುಬ್ಬಲ್ಲೇ ಹೌದು ಅನ್ನೋದು!”

“ಹುಬ್ಬನ್ನ ಫೈಲಿಗೆ ಹೇಗೆ ಹಾಕ್ಲಿ, ನೀವೇ ಹೇಳಿ,” ಎಂದರು ಮೇಡಂ. ಪಾಪ, ಅವರಿಗೂ ದಾರಿ ಇರಲಿಲ್ಲ.

ನಾನು ಇವನ ಕಡೆ ತಿರುಗಿದೆ. “ಲೋ ಕತ್ತೆ, ಹುಬ್ಬು ಕುಣಿಸಿದ್ದು ಸಾಕು! ಬಾಯಿ ಬಿಡೋ!”

ಇಸಿದ್ರೊ ಬೆಚ್ಚಿಬಿದ್ದ. ಆಮೇಲೆ ನಿಧಾನವಾಗಿ ಹೇಳಿದ, ನಾನು ಒಂದೊಂದೇ ಮಾತು ದಾಟಿಸಿದೆ.

“ನಾನು ಬರುವಾಗ ತಾಲಾ ಇನ್ನೂ ಹೊಟ್ಟೇಲಿದ್ಳು. ಇವತ್ತಿನ್ವರೆಗೂ ಎತ್ಕೊಂಡಿಲ್ಲ. ಚಳಿ ಇದ್ರೆ ಇರ್ಲಿ ಮೇಡಂ. ಅವರನ್ನ ನನ್ ಹತ್ರ ಕರೆಸ್ಕೊಡೋ ಊರು ಇದು. ಇದನ್ನ ಬಿಟ್ಟು ನಾನ್ಯಾಕೆ ಹೋಗ್ಲಿ?”

ಕೊನೆಯ ಮಾತನ್ನೂ ಒಂದಕ್ಷರ ಸೇರಿಸದೆ ದಾಟಿಸಿದೆ.

ಮೇಡಂ ಬರೆದು, ನಮಗೆ ಕೇಳುವಂತೆ ಓದಿದರು: “ಇಲ್ಲೇ ಉಳಿಯುತ್ತಾರೆ. ಶಿಫಾರಸು ಮಾಡಿದೆ.” ಪೆನ್ನು ಕೆಳಗಿಟ್ಟು ನಕ್ಕರು. “ಮುಂದಿನದು ಒಟ್ಟಾವದ ಕೇಂದ್ರ ಸರ್ಕಾರದವರ ಕೆಲ್ಸ. ಮಗು ಬರೋ ಹೊತ್ತಿಗೆ ಹಿಮಕ್ಕೆ ಬೂಟು ತಂದಿಟ್ಟಿರಿ. ಪಾದ ಎಷ್ಟುದ್ದ ಇದೆ?”

ಇಸಿದ್ರೊ ಮೇಜಿನ ಮೇಲೆ ಎರಡು ಬೆರಳನ್ನು ಅಗಲಿಸಿ ತೋರಿಸಿದ. ಸ್ವಲ್ಪ ಕಿರಿದು ಮಾಡಿದ. ಮತ್ತೆ ಅಗಲಿಸಿದ. ಆಮೇಲೆ ನನ್ನ ಅನುವಾದಕ್ಕೂ ಕಾಯದೆ, ತನಗೆ ಬರುವ ಹರುಕುಮುರುಕು ಇಂಗ್ಲಿಷಿನಲ್ಲೇ ಹೇಳಿದ:

“ಗೊತ್ತಿಲ್ಲ ಮೇಡಂ. ಫೋನಲ್ಲಿ ಮುಖ ಮಾತ್ರ ಕಾಣುತ್ತೆ.”